ಹಂತ 1ರಲ್ಲಿ ತಡವರಿಸುವ ಮಗಳು ಹಂತ 2ನ್ನು ಸಲೀಸಾಗಿ ಓದುತ್ತಾಳೆ, ಯಾಕೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಏಳು ವರ್ಷ, ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಬೆಂಗಳೂರಿನಲ್ಲಿರುವ ನಾದಿನಿ ಬೇಸಿಗೆ ರಜೆಗೆ ಬಂದಾಗ ಒಂದು ರಟ್ಟಿನ ಡಬ್ಬಿ ತುಂಬ ಕನ್ನಡ ಕಥೆ ಪುಸ್ತಕ ತಂದುಕೊಟ್ಟರು. ಎಲ್ಲದರ ಮೇಲೂ ಹಂತ 1, ಹಂತ 2 ಅಂತ ನಾಲ್ಕರವರೆಗೆ ನಂಬರಿದೆ. ಹಂತ 1 ಪೂರ್ತಿ ಮುಗಿಸಿ ಆಮೇಲೆ ಎರಡಕ್ಕೆ ಹೋಗೋಣ ಅಂತ ದಿನಾ ಸಂಜೆ ಕೂರಿಸುತ್ತಿದ್ದೆ. ಆದರೆ ಹಂತ 1ರ ಒಂದು ಪುಸ್ತಕದಲ್ಲಿ ಸಾಲುಸಾಲಿಗೂ ತಡವರಿಸುತ್ತಾಳೆ. ಒತ್ತಕ್ಷರ ಬಂದರೆ ನಿಂತೇಬಿಡುತ್ತಾಳೆ, ಇಲ್ಲಾ ಚಿತ್ರ ನೋಡಿ ಏನೋ ಒಂದು ಹೇಳುತ್ತಾಳೆ. ಅದೇ ಹುಡುಗಿ ಮೊನ್ನೆ ನಾನು ಅಡುಗೆಮನೆಯಲ್ಲಿದ್ದಾಗ ಹಂತ 2ರ ಪುಸ್ತಕವನ್ನು ತಮ್ಮನಿಗೆ ಓದಿ ಹೇಳುತ್ತಿದ್ದಳು, ಹೆಚ್ಚುಕಮ್ಮಿ ಸರಿಯಾಗಿಯೇ! ನಾದಿನಿ ಮಗನಿಗೂ ಇವಳದೇ ವಯಸ್ಸು, ಅವನು ಇಂಗ್ಲಿಷಿನಲ್ಲಿ ಐದನೇ ಲೆವೆಲ್ ಓದುತ್ತಾನಂತೆ. ನಮ್ಮ ಅತ್ತೆ 'ಮೊದಲು ಕಾಗುಣಿತ ಪೂರ್ತಿ ಬಾಯಿಗೆ ಬರಲಿ, ಪುಸ್ತಕ ಆಮೇಲೆ' ಅನ್ನುತ್ತಾರೆ. ಈಗ ಡಬ್ಬಿ ತೆಗೆದರೆ ಸಾಕು, ಹೊಟ್ಟೆನೋವು ಅಂತಾಳೆ. ನಂಬರು ತಪ್ಪೋ, ಮಗಳಿಗೆ ಏನಾದರೂ ತೊಂದರೆಯೋ? ಚಿತ್ರ ಮುಚ್ಚಿ ಓದಿಸಬೇಕಾ? ಎರಡೂ ಪುಸ್ತಕದ ಒಂದೊಂದು ಪುಟದ ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಹೊಟ್ಟೆನೋವಿನ ವಿಷಯ. ನಾಟಕ ಅಂತ ಬೈಯಬೇಡಿ. 'ನನಗೆ ಇದು ಬರ್ತಿಲ್ಲ, ನಾಚಿಕೆ ಆಗ್ತಿದೆ' ಅಂತ ಬಿಡಿಸಿ ಹೇಳಲು ಏಳು ವರ್ಷದ ಮಗುವಿಗೆ ಬರುವುದಿಲ್ಲ. ಹೊಟ್ಟೆನೋವು ಅಂತ ಹೇಳಲು ಬರುತ್ತದೆ. ಎರಡು ವಾರ ಸಂಜೆ ಕೂರಿಸುವುದನ್ನು ಬಿಡಿ. ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ, ಕೂರಿಸುವುದನ್ನು ಮಾತ್ರ ನಿಲ್ಲಿಸಿ.

ಇನ್ನು ನಂಬರು. ನೀವು ಫೋಟೋ ಕಳಿಸಿದ್ದು ಬಹಳ ಅನುಕೂಲ ಆಯಿತು. ಹಂತ 1ರ ಪುಟದಲ್ಲಿ ಇರುವುದು ಎರಡೇ ಸಾಲು: 'ಪುಟ್ಟಿ ಬಸ್ಸಿನಲ್ಲಿ ಹೋಗುತ್ತಿದ್ದಾಳೆ. ಅಪ್ಪ ಪಕ್ಕದಲ್ಲಿ ಕುಳಿತುಕೊಂಡಿದ್ದಾರೆ.' ಹಂತ 2ರ ಪುಟದಲ್ಲಿ ನಾಲ್ಕು ಸಾಲು: 'ಮೇಕೆ ಗಿಡ ನೋಡಿತು. ಎಲೆ ತಿಂದಿತು. ಹೂವು ತಿಂದಿತು. ಬೇಲಿಯ ಬಳಿ ಬಂದಿತು.'

ಈಗ ಒಂದು ಪೆನ್ಸಿಲ್ ತಗೊಂಡು ಒತ್ತಕ್ಷರಗಳ ಕೆಳಗೆ ಗೆರೆ ಹಾಕಿ. ಮೊದಲನೆಯದರಲ್ಲಿ ಆರೇ ಪದ, ಒಂಬತ್ತು ಒತ್ತಕ್ಷರ. ಎರಡನೆಯದರಲ್ಲಿ ಹತ್ತು ಪದ, ಒತ್ತಕ್ಷರ ಒಂದೂ ಇಲ್ಲ. 'ಕುಳಿತುಕೊಂಡಿದ್ದಾರೆ' ಅನ್ನುವಲ್ಲಿ ಏಳು ಅಕ್ಷರ. ಕೊನೆಯ ಅಕ್ಷರ ಮುಟ್ಟುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ನಿಮ್ಮ ಮಗಳು ದಡ್ಡಿಯೂ ಅಲ್ಲ, ಹಟಮಾರಿಯೂ ಅಲ್ಲ. ತನಗೆ ಓದಲು ಬರುವ ಪುಸ್ತಕವನ್ನು ತಾನೇ ಹುಡುಕಿಕೊಂಡಿದ್ದಾಳೆ. ನಾವು ತರಬೇತಿಯಲ್ಲಿ ಟೀಚರುಗಳಿಗೆ ದಿನಗಟ್ಟಲೆ ಹೇಳಿಕೊಡುವ ಕೆಲಸ ಇದು!

ಹಾಗಾದರೆ ನಂಬರು ಸುಳ್ಳಾ? ಸುಳ್ಳಲ್ಲ, ಅದು ಅಳೆಯುವುದೇ ಬೇರೆ. ಮಕ್ಕಳ ಪುಸ್ತಕವನ್ನು ಬಹಳಷ್ಟು ಭಾಷೆಗಳಲ್ಲಿ ತರುವ ಪ್ರಥಮ್ ಬುಕ್ಸ್‌ನವರ ಲೆಕ್ಕವನ್ನೇ ತಗೊಳ್ಳಿ. ಸುಲಭದ, ಮತ್ತೆಮತ್ತೆ ಬರುವ ಪದಗಳಿದ್ದು ಕಥೆ 250 ಪದದೊಳಗಿದ್ದರೆ ಹಂತ 1. 600ರವರೆಗೆ ಹಂತ 2. 1500ರವರೆಗೆ ಹಂತ 3. ಅದಕ್ಕಿಂತ ಜಾಸ್ತಿ ಇದ್ದರೆ ಹಂತ 4. ಕಥೆಯ ಉದ್ದ, ವಿಷಯದ ಸರಳತೆ, ಇವುಗಳಿಗೆ ಇದು ಒಳ್ಳೆಯ ಅಳತೆಯೇ. ಹತ್ತಾರು ಭಾಷೆಗೆ ಒಂದೇ ಅಳತೆ ಇಡಬೇಕಾದಾಗ ಇನ್ನೇನು ಮಾಡಲು ಬರುತ್ತದೆ? ಆದರೆ ಕಥೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದಾಗ ನಂಬರೂ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ. ಇಂಗ್ಲಿಷಿನಲ್ಲಿ ಎರಡು ಪುಟ್ಟ ಪದ ಇದ್ದದ್ದು ಕನ್ನಡಕ್ಕೆ ಬಂದಾಗ 'ಹೋಗುತ್ತಿದ್ದಾಳೆ' ಆಗುತ್ತದೆ. ಪದದ ಲೆಕ್ಕ ಒಂದು ಕಡಿಮೆ ಆಯಿತು, ಮಗುವಿನ ಕಷ್ಟ ಮೂರು ಪಟ್ಟು ಆಯಿತು. ಬೇರೆ ಪ್ರಕಾಶಕರ ಹಂತಗಳ ಲೆಕ್ಕ ಬೇರೆಯೇ ಇರುತ್ತದೆ. ಒಂದೇ ಡಬ್ಬಿಯಲ್ಲಿ ಎಲ್ಲವೂ ಕಲೆತಿದ್ದರೆ ಆ ನಂಬರುಗಳನ್ನು ಸಾಲಾಗಿ ಜೋಡಿಸುವುದರಲ್ಲಿ ಅರ್ಥವಿಲ್ಲ.

ನಾದಿನಿಯವರ ಮಗನ ಐದನೇ ಲೆವೆಲ್ ಕೂಡ ಹಾಗೇ. ಒಂದನ್ನು ಸೇರಿನಲ್ಲಿ ಅಳೆದಿದ್ದಾರೆ, ಇನ್ನೊಂದನ್ನು ಗಜದಲ್ಲಿ. ಇಂಗ್ಲಿಷ್ ಓದು ಕಲಿಸುವ ದಾರಿಯೇ ಬೇರೆ. 1964ರಲ್ಲಿ ಇಂಗ್ಲೆಂಡಿನ ಲೇಡಿಬರ್ಡ್ ಪ್ರಕಾಶಕರು ಹಂತಹಂತವಾಗಿ ಓದುವ ಒಂದು ಪುಸ್ತಕಮಾಲೆ ತಂದರು. ಅದರ ಹಿಂದಿದ್ದ ಲೆಕ್ಕ ಏನೆಂದರೆ, ಬರೀ 12 ಪದಗಳೇ ಇಂಗ್ಲಿಷ್ ಓದು-ಬರಹದ ಕಾಲು ಭಾಗ, 100 ಪದಗಳು ಅರ್ಧ ಭಾಗ. ಆ ನೂರು ಪದಗಳನ್ನು ನೋಡಿದ ಕೂಡಲೇ ಗುರುತಿಸಿದರೆ ಅರ್ಧ ಪುಟ ಓದಿದ ಹಾಗೆ. ಆ 12ರಲ್ಲಿ ಜಾಸ್ತಿ ಇರುವುದು ನಮ್ಮ 'ಅಲ್ಲಿ', 'ಗೆ', 'ಮತ್ತು' ತರಹದ ಚಿಕ್ಕಪುಟ್ಟವು. ಕನ್ನಡದಲ್ಲಿ ಅವು ಬಿಡಿಯಾಗಿ ಎಲ್ಲಿ ಸಿಗುತ್ತವೆ? ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯೂ ಅಂತ ಪದಕ್ಕೇ ಅಂಟಿಕೊಂಡಿರುತ್ತವೆ. ಅದಕ್ಕೇ 'ನೋಡಿ ಗುರುತಿಸುವ 100 ಕನ್ನಡ ಪದ' ಅಂತ ಕಾರ್ಡಿನ ಕಟ್ಟು ಮಾರುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ನಮ್ಮ ಲಿಪಿಯ ಗುಣವೇ ಬೇರೆ. ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಇಲ್ಲ, ಆ ಮಟ್ಟಿಗೆ ನಮ್ಮ ಮಕ್ಕಳು ಪುಣ್ಯವಂತರು. ಆದರೆ ಗುರುತಿಸಬೇಕಾದ ಆಕಾರಗಳು ಬಹಳ. ವರ್ಣಮಾಲೆಯಲ್ಲಿ 49 ಅಂತ ಹೇಳುತ್ತೇವೆ. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ 400 ದಾಟುತ್ತದೆ. ಅದರ ಮೇಲೆ ಒತ್ತು.

ಒತ್ತಿನಲ್ಲೂ ಒಂದೇ ತರಹದ ಕಷ್ಟ ಇಲ್ಲ. ಅಮ್ಮ, ಅಪ್ಪ, ಅಕ್ಕ, ಉಪ್ಪು, ಹಲ್ಲಿ. ಇವುಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. ಮಗುವಿನ ಬಾಯಲ್ಲಿ ದಿನಾ ಇರುವ ಪದಗಳು ಬೇರೆ. ಹಾಗಾಗಿ ಬೇಗ ಹಿಡಿಯುತ್ತಾರೆ. ಕ, ಗ, ಬ, ಟ ಇವುಗಳ ಒತ್ತು ಮೂಲ ಅಕ್ಷರದ್ದೇ ಚಿಕ್ಕ ರೂಪ, ತಲೆಕಟ್ಟು ಇರುವುದಿಲ್ಲ ಅಷ್ಟೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಹೊಸ ಅಕ್ಷರ ಕಲಿತ ಹಾಗೇ ಕಲಿಯಬೇಕು. ಇನ್ನು ಅರ್ಕಾವತ್ತು. 'ಸೂರ್ಯ' ಅನ್ನುವಾಗ ಬಾಯಲ್ಲಿ ರ್ ಮೊದಲು ಬರುತ್ತದೆ, ಯ ಆಮೇಲೆ. ಅರ್ಕಾವತ್ತಿನಲ್ಲಿ ಬರೆದರೆ ಕಣ್ಣಿಗೆ ಯ ಮೊದಲು ಕಾಣುತ್ತದೆ, ರ್ ಅದರ ಬಲಕ್ಕೆ. ಮಗು 'ಸೂಯರ' ಅಂತ ಓದಿದರೆ ಅದು ತಪ್ಪು ಮಾಡಿದ್ದಲ್ಲ, ಕಂಡದ್ದನ್ನು ಕಂಡ ಸಾಲಿನಲ್ಲಿ ಓದಿದ್ದು. ನಾನು ಇದನ್ನು ಕ್ಲಾಸಿನಲ್ಲಿ ಹೇಳುವಾಗೆಲ್ಲ 'ಹೌದಲ್ವಾ, ನಾವು ಗಮನಿಸಿಯೇ ಇರಲಿಲ್ಲ' ಅನ್ನುವ ಟೀಚರುಗಳು ಇದ್ದೇ ಇರುತ್ತಾರೆ.

ಹಾಗಾಗಿ ಎರಡನೇ ಕ್ಲಾಸಿನಲ್ಲಿ ಒತ್ತಕ್ಷರಕ್ಕೆ ನಿಂತರೆ ಅದು ಹಿಂದೆ ಬಿದ್ದದ್ದಲ್ಲ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ನಮ್ಮ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷಕ್ಕೆ ಮುಗಿಯುವಂಥದ್ದಲ್ಲ, ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ. ನಾನು ಸಾಗರ, ಹೊಸನಗರ ಕಡೆಯ ಶಾಲೆಗಳಲ್ಲಿ ಕಂಡದ್ದೂ ಹಾಗೇ.

ಈಗ ನಿಮ್ಮ ಅತ್ತೆಯವರ ಮಾತು. ಅರ್ಧ ಸರಿ. ಅಕ್ಷರ ಗಟ್ಟಿಯಾಗದೆ ಓದು ಬರುವುದಿಲ್ಲ, ಇದರಲ್ಲಿ ಎರಡು ಮಾತಿಲ್ಲ. ಆದರೆ 'ಪೂರ್ತಿ ಬಂದಮೇಲೆ ಪುಸ್ತಕ' ಅನ್ನುವುದು ಈಜು ಬಂದಮೇಲೆ ಹೊಳೆಗೆ ಇಳಿ ಅಂದ ಹಾಗೆ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಅ ಆ ಇ ಈ ಸಾಲನ್ನೇ ಬಿಟ್ಟರು. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ, ಆದರೆ ಸರ, ದರ, ಅರಸ, ಸರಸರ, ಗರಗರ ಎಲ್ಲ ಓದಬಹುದು. ಅದಾದಮೇಲೆ ಜ, ವ, ಮ, ಬ, ನ. ಆಗ ಮರ, ಜನ, ಬಸವ ಸೇರಿಕೊಳ್ಳುತ್ತವೆ. ಮೊದಲ ವಾರಗಳಲ್ಲೇ ಮಗು 'ನಾನು ಓದಿದೆ' ಅನ್ನುತ್ತದೆ.

ಸಾಲಾಗಿ ಬಾಯಿಪಾಠ ಮಾಡಿದ ಕಾಗುಣಿತದ ತೊಂದರೆ ಏನು ಅಂತ ನೋಡಬೇಕಾ? 'ಕೊ' ಬರೆದು ತೋರಿಸಿ, ಇದೇನು ಅಂತ ಕೇಳಿ. ಮಗು ತುಟಿಯಲ್ಲೇ ಕ, ಕಾ, ಕಿ, ಕೀ ಅಂತ ಶುರು ಮಾಡಿ, ಬೆರಳು ಮಡಚುತ್ತಾ ಓಡಿ, ಕೊನೆಗೆ 'ಕೊ' ಹತ್ತಿರ ಬಂದು ನಿಲ್ಲುತ್ತದೆ. ರಾಗ ಬಂದಿದೆ, ಅಕ್ಷರ ಬಂದಿಲ್ಲ. ಅತ್ತೆಯವರಿಗೆ ಬೇಡ ಅನ್ನಬೇಡಿ, ಬೇರೆ ಒಂದು ಕೆಲಸ ಕೊಡಿ. ದಿನಕ್ಕೆ ಐದು ನಿಮಿಷ, ಒಂದೇ ಗುಣಿತ, ಅಕ್ಷರ ಮಾತ್ರ ಬೇರೆ ಬೇರೆ: ಗಿ, ಡಿ, ತಿ, ನಿ, ಮಿ. ಅವಲಕ್ಕಿ ಆರಿಸುತ್ತಾ, ಹೂ ಕಟ್ಟುತ್ತಾ ಮಾಡಬಹುದಾದ ಕೆಲಸ. ಐದು ನಿಮಿಷ ಹತ್ತಾದರೆ ಮತ್ತೆ ಹೊಟ್ಟೆನೋವು ಬರುತ್ತದೆ, ಅದೊಂದು ನೋಡಿಕೊಳ್ಳಿ.

ಚಿತ್ರ ಮುಚ್ಚಬೇಡಿ. ಕಥೆ ಏನು ಅಂತ ಅವಳಿಗೆ ಹೇಳುತ್ತಿರುವುದು ಚಿತ್ರವೇ. ಆದರೆ ಚಿತ್ರ ನೋಡಿ ಪದ ಊಹಿಸುವುದು ಅಭ್ಯಾಸ ಆಗಬಾರದು ಅನ್ನುವುದೂ ನಿಜ. ಅಕ್ಷರ ಇರುವ ಹಾಗೇ ಓದುವ ನಮ್ಮ ಭಾಷೆಯಲ್ಲಿ ಊಹೆ ಬೇಕೂ ಇಲ್ಲ. 'ಗಾಡಿ' ಅಂತ ಇದ್ದಲ್ಲಿ 'ಬಸ್ಸು' ಅಂದರೆ 'ಹೌದು, ಚಿತ್ರದಲ್ಲಿ ಬಸ್ಸೇ ಇದೆ. ಇಲ್ಲಿ ಯಾವ ಅಕ್ಷರದಿಂದ ಶುರುವಾಗಿದೆ ನೋಡು' ಅನ್ನಿ. ಅಷ್ಟು ಸಾಕು. ತಮ್ಮನಿಗೆ ಓದಿ ಹೇಳುವಾಗ ಸ್ವಲ್ಪ ಬಾಯಿಪಾಠವೂ ಸೇರಿರಬಹುದು. ಗೊತ್ತಾಗಬೇಕಾದರೆ ಇನ್ನೊಂದು ದಿನ ಪುಟದ ಮಧ್ಯದ ಒಂದು ಪದದ ಮೇಲೆ ಬೆರಳಿಟ್ಟು 'ಇದೇನು' ಅಂತ ಕೇಳಿ. ಹೇಳಿದರೆ ಓದು, ಸಾಲಿನ ಮೊದಲಿಗೆ ಹೋಗಿ ಹೇಳಿಕೊಂಡು ಬಂದರೆ ನೆನಪು. ನೆನಪಾದರೂ ಬೇಜಾರಿಲ್ಲ, ಓದಿಗೆ ಮೊದಲು ಬಹಳ ಮಕ್ಕಳು ಆ ಮೆಟ್ಟಿಲು ಹತ್ತಿಯೇ ಬರುತ್ತಾರೆ. ಓದಿದ್ದನ್ನೇ ಓದಿದರೆ 'ಇದು ಮುಗಿದಿದೆಯಲ್ಲ' ಅಂತ ಕಿತ್ತುಕೊಳ್ಳಬೇಡಿ.

ಇನ್ನು ಡಬ್ಬಿ ಏನು ಮಾಡುವುದು? ನಂಬರಿನ ಮೇಲೆ ಕಾಗದ ಅಂಟಿಸಿ, ಪುಸ್ತಕಗಳನ್ನು ನೀವೇ ಮೂರು ಗುಡ್ಡೆ ಮಾಡಿ. ಮಧ್ಯದ ಒಂದು ಪುಟ ತೆಗೆದು 20 ಪದ ಓದಿಸಿ. ಒಂದು ತಪ್ಪಿದರೆ ಅವಳೇ ಓದಿಕೊಳ್ಳುವ ಪುಸ್ತಕ. ಎರಡು ತಪ್ಪಿದರೆ ನೀವು ಪಕ್ಕದಲ್ಲಿ ಕೂತು ಓದಿಸುವುದು. ಅದಕ್ಕಿಂತ ಜಾಸ್ತಿ ತಪ್ಪಿದರೆ ನೀವು ಓದಿ ಹೇಳುವುದು. ಇದನ್ನು ಪರೀಕ್ಷೆ ಅಂತ ಅವಳಿಗೆ ಗೊತ್ತಾಗದ ಹಾಗೆ ಮಾಡಬೇಕು. ಇನ್ನೂ ಸುಲಭದ ಗುರುತು ಬೇಕಾದರೆ ವಾಕ್ಯದ ಕೊನೆ ನೋಡಿ. 'ಬಂದಳು, ಹೋದಳು, ನೋಡಿತು, ಓಡಿತು' ಅಂತ ಮುಗಿಯುವ ಕಥೆ ಮೊದಲು. 'ಬರುತ್ತಿದ್ದಾಳೆ, ನೋಡುತ್ತಿದ್ದಾನೆ' ಅಂತ ಮುಗಿಯುವುದು ಆಮೇಲೆ. ನಾನು ಪುಸ್ತಕ ಆರಿಸುವಾಗ ನಂಬರು ನೋಡುವ ಮುಂಚೆ ಇದನ್ನೇ ನೋಡುತ್ತೇನೆ.

ಗುಡ್ಡೆಗೆ ಹೆಸರು ಮಾತ್ರ ಇಡಬೇಡಿ. ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಒಂದು ಶಾಲೆಯಲ್ಲಿ ಪುಸ್ತಕಗಳಿಗೆಲ್ಲ ಬಣ್ಣದ ಚೀಟಿ ಅಂಟಿಸಿದೆ, ಸುಲಭದ್ದಕ್ಕೆ ಹಸಿರು. ಬಹಳ ಚಂದ ಕಂಡಿತು. ಮೂರನೇ ವಾರ ಹೋಗಿ ನೋಡಿದರೆ ಹಸಿರು ಚೀಟಿಯ ಪುಸ್ತಕ ಒಂದೂ ಜಾಗದಿಂದ ಕದಲಿಲ್ಲ. ಕೇಳಿದರೆ ಒಬ್ಬ ಹುಡುಗ 'ಅದು ದಡ್ಡರದ್ದು ಟೀಚರ್' ಅಂದ. ಅವತ್ತು ಸಂಜೆ ಕೂತು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಎಲ್ಲ ಚೀಟಿ ತೆಗೆದೆ. ಕೆಲವು ಪುಸ್ತಕ ಇವತ್ತಿಗೂ ಸೀಮೆಎಣ್ಣೆ ವಾಸನೆ ಬರುತ್ತವೆ.

ಗುಡ್ಡೆ ಮಾಡುವುದರಲ್ಲೂ ಒಂದು ಅಪಾಯ ಇದೆ. ಸುಲಭದ್ದನ್ನೇ ಕೊಡುತ್ತಾ ಹೋದರೆ ಒತ್ತಕ್ಷರ ಕಣ್ಣಿಗೇ ಬೀಳುವುದಿಲ್ಲ. ಹತ್ತಿಪ್ಪತ್ತು ದಿನಕ್ಕೊಮ್ಮೆ ಮಧ್ಯದ ಗುಡ್ಡೆಯಿಂದ ಒಂದನ್ನು ಸುಲಭದ ಗುಡ್ಡೆಗೆ ದಾಟಿಸುವ ಕೆಲಸ ನಿಮ್ಮದು. ಒಮ್ಮೆಲೇ ಮೇಲಕ್ಕೆ ಹಾರಿಸಿದರೆ ಇನ್ನೊಂದು ತೊಂದರೆ, ಅದು ಬೇಗ ಕಾಣುವುದಿಲ್ಲ. ಅಕ್ಷರ ಬಂದ ಕನ್ನಡದ ಮಗು ಪತ್ರಿಕೆಯನ್ನೂ ಗಟ್ಟಿಯಾಗಿ ಓದಿಬಿಡುತ್ತದೆ. ನೆಂಟರ ಮುಂದೆ ಚಂದ. 'ಈಗ ಏನು ಓದಿದೆ ಹೇಳು' ಅಂದರೆ ಸುಮ್ನೆ ಮುಖ ನೋಡುತ್ತದೆ. ಹಾಗಾಗಿ ಪುಸ್ತಕ ಮುಚ್ಚಿದ ಮೇಲೆ ಒಂದು ಮಾತು ಆಡಿ: 'ಆ ಮೇಕೆಗೆ ಆಮೇಲೆ ಬೈದರಾ?'

ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಮನೆಯಲ್ಲೇ ಪುಸ್ತಕ ಮಾಡುವುದು. ಹಳೆಯ ನೋಟ್‌ಬುಕ್ಕಿನ ನಾಲ್ಕು ಹಾಳೆ ಮಡಚಿ ಮಧ್ಯ ದಾರ ಹಾಕಿ ಹೊಲಿಯಿರಿ. ಒಂದು ಪುಟಕ್ಕೆ ಒಂದು ಸಾಲು: 'ಮಳೆ ಬಂತು. ಉಂಬಳ ಬಂತು. ಉಂಬಳ ಕಾಲು ಏರಿತು. ಅಮ್ಮ ಉಪ್ಪು ತಂದಳು. ಉಂಬಳ ಉದುರಿತು.' ಚಿತ್ರ ಅವಳೇ ಬರೆಯಲಿ. ಇಲ್ಲಿ ಇರುವ ಒತ್ತು ಎರಡೇ, ಎರಡೂ ಸುಲಭದವು. ಅಚ್ಚಾದ ಪುಸ್ತಕದಲ್ಲಿ ಲಿಫ್ಟು, ಮೆಟ್ರೋ, ಬೀಚು ಎಲ್ಲ ಬರುತ್ತವೆ, ಬರಲಿ ಪಾಪ. ಆದರೆ ಅಂಗಳದ ಉಂಬಳವೂ ಪುಸ್ತಕದೊಳಗೆ ಬರುತ್ತದೆ ಅಂತ ಗೊತ್ತಾದಾಗ ನಮ್ಮ ಮಕ್ಕಳ ಕಣ್ಣು ಅರಳುವುದೇ ಬೇರೆ ತರಹ. ಮನೆಮಾತಿನಲ್ಲಿ ಬರೆಯಬಹುದಾ ಅಂತ ಬಹಳ ಜನ ಕೇಳುತ್ತಾರೆ. ಮಗು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಡಿ, 'ಹೋಗ್ತಾಳೆ' ಅಂದರೆ 'ಹೋಗ್ತಾಳೆ'. ಪುಸ್ತಕದ 'ಹೋಗುತ್ತಾಳೆ' ನೀವು ಓದಿ ಹೇಳುವ ಕಥೆಗಳಿಂದ ಕಿವಿಗೆ ಬೀಳುತ್ತದೆ. ಅದಕ್ಕೇ ಮಗಳಿಗೆ ಓದು ಬಂದಮೇಲೂ ನೀವು ಓದಿ ಹೇಳುವುದನ್ನು ಬಿಡಬಾರದು. ಕೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಕೆಲಸ ಇದ್ದರೆ ಅವಳ ಅಪ್ಪ ಓದಲಿ, ಇಲ್ಲ ಅಜ್ಜಿ ಕಾಗಕ್ಕ ಗುಬ್ಬಕ್ಕ ಹೇಳಲಿ.

ಫೋನಿನಲ್ಲಿ ಓದಿಸಬಹುದು. ಪ್ರಥಮ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಪೇಟೆಗೆ ಹೋದಾಗ ಕಪ್ಪುಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ ತನ್ನಿ, ಬಣ್ಣ ಅವಳು ತುಂಬಲಿ. ಫೋನನ್ನೇ ಕೈಗೆ ಕೊಟ್ಟರೆ ಎರಡು ಪುಟ ಆದಮೇಲೆ ಏನು ನೋಡುತ್ತಾಳೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲೂ ಕೇಳಿ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳಿಗೆ ಸದಸ್ಯತ್ವ ಉಚಿತವಾಗಿ ಕೊಟ್ಟಿದ್ದಾರೆ. ಬೀಗ ಹಾಕಿದ ಕಪಾಟು ಕಂಡರೆ ತೆಗೆಸಿ.

ಚಿಂತೆ ಮಾಡಬೇಕಾದದ್ದು ಯಾವಾಗ? ಮೂರನೇ ಕ್ಲಾಸು ಮುಗಿಯುತ್ತಾ ಬಂದರೂ 'ಗಿಡ, ಮೇಕೆ, ಹೂವು' ತರಹದ ಪದಕ್ಕೇ ಕಷ್ಟಪಟ್ಟರೆ, ನೆನ್ನೆ ಗಟ್ಟಿಯಾಗಿದ್ದ ಅಕ್ಷರ ಇವತ್ತು ಪೂರಾ ಮರೆತು ಹೀಗೇ ತಿಂಗಳುಗಟ್ಟಲೆ ನಡೆದರೆ, ಪ್ರಾಸದ ಪದ ಹೇಳಲು ಬಾರದಿದ್ದರೆ, ಆಗ ತಡಮಾಡಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಎರಡೂ ನೋಡುತ್ತಾರೆ. ಕಲಿಕೆಯ ತೊಂದರೆ ಇದೆಯಾ ಅಂತ ಪರೀಕ್ಷೆ ಮಾಡಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯವಸ್ಥೆ ಇದೆ. ನೀವು ಬರೆದದ್ದು ನೋಡಿದರೆ ನಿಮ್ಮ ಮಗಳ ವಿಷಯದಲ್ಲಿ ಅಂಥ ಸೂಚನೆ ನನಗೆ ಕಾಣುತ್ತಿಲ್ಲ. ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುತ್ತಾಳಾ ಅಂತ ಮಾತ್ರ ಒಮ್ಮೆ ಗಮನಿಸಿ.

ಎರಡು ವಾರ ಕಳೆದ ಮೇಲೆ ಆ ಮೇಕೆಯ ಪುಸ್ತಕ ಮತ್ತು ಉಂಬಳದ ಪುಸ್ತಕ ಎರಡನ್ನೂ ತಮ್ಮನ ಕೈಗೆ ಸಿಗುವ ಜಾಗದಲ್ಲಿಡಿ. ಅವನು ಅಕ್ಕನ ಹತ್ತಿರ ತಗೊಂಡು ಹೋಗುತ್ತಾನೆ, ನೀವು ಹೇಳುವುದೇ ಬೇಡ. ಡಬ್ಬಿಯನ್ನು ಮಾತ್ರ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ. ಬೂಷ್ಟು ಹಿಡಿದು ಪುಟಕ್ಕೆ ಪುಟ ಅಂಟಿಕೊಂಡರೆ ಬಿಡಿಸುವುದು ಬಹಳ ಕಷ್ಟ.